ಪ್ರತಿಕ್ರಿಯೆ: ತೋಟದ ಹಸಿರು ಹಕ್ಕಿಗಳು ಏಪ್ರಿಲ್ ಕೊನೆಗೆ ಮಾಯವಾದದ್ದು

ನಿಮ್ಮ ತೋಟದ ಹಸಿರು ಹಕ್ಕಿಗಳು ಔಷಧಿ ಹೊಡೆದದ್ದರಿಂದ ಸತ್ತವೇ ಎಂದು ಕೇಳಿದ್ದೀರಿ. ಕಾರಣ ಬಹುಶಃ ಅದಲ್ಲ, ವಲಸೆ. ಅಕ್ಟೋಬರಿನಿಂದ ತೀರ್ಥಹಳ್ಳಿಯ ನಿಮ್ಮ ಅಡಿಕೆ ತೋಟದಲ್ಲಿದ್ದವು ಎಲೆ ಉಲಿಯಕ್ಕಿಗಳಿರಬೇಕು, ಅಂದರೆ ಲೀಫ್ ವಾರ್ಬ್ಲರ್. ಮಲೆನಾಡಿಗೆ ಚಳಿಗಾಲ ಕಳೆಯಲು ಬರುತ್ತವೆ, ಇಲ್ಲಿ ಗೂಡು ಕಟ್ಟುವುದಿಲ್ಲ. ಇವುಗಳಲ್ಲಿ ಹಲವು ಜಾತಿಗಳಿವೆ: ಗ್ರೀನಿಶ್ ವಾರ್ಬ್ಲರ್ ಮರಿ ಮಾಡುವುದು ಹಿಮಾಲಯದಿಂದ ಸೈಬೀರಿಯಾವರೆಗಿನ ಕಾಡುಗಳಲ್ಲಿ, ಗ್ರೀನ್ ವಾರ್ಬ್ಲರ್ ಕಾಕಸಸ್ ಬೆಟ್ಟಗಳ ಕಡೆ. ದಪ್ಪ ಕೊಕ್ಕಿನ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರ್ ಹಿಮಾಲಯದ ತೊರೆಗಳ ಪಕ್ಕದ ಕಾಡಿನದು. ಹತ್ತು ಗ್ರಾಂ ಆಸುಪಾಸಿನ ಜೀವ ಅಷ್ಟು ದೂರ ಹೋಗಿ ಬರುತ್ತದೆ!

ಮೊದಲು ನೀವು ನೋಡಿದ್ದು ಸಿಂಪಿಗ ಹಕ್ಕಿಯಲ್ಲ (ಟೇಲರ್ ಬರ್ಡ್) ಎಂದು ಖಚಿತ ಮಾಡಿಕೊಳ್ಳಿ. ಅದರ ನೆತ್ತಿ ಕೆಂಗಂದು, ಬಾಲ ನಿಮಿರಿರುತ್ತದೆ, ವರ್ಷವಿಡೀ ಇಲ್ಲೇ ಇದ್ದು ಎಲೆ ಹೊಲಿದು ಗೂಡು ಮಾಡುತ್ತದೆ. ಹೊಲಿದ ಎಲೆ ಸಿಕ್ಕಿದರೆ ಮುಟ್ಟಬೇಡಿ.

ಆಮೇಲೆ ಅಕ್ಟೋಬರಿನಲ್ಲಿ ಹಕ್ಕಿ ಮರಳಿದಾಗ ಕಣ್ಣಿನ ಮೇಲಿನ ತಿಳಿ ಹುಬ್ಬು, ರೆಕ್ಕೆಯ ತೆಳು ಪಟ್ಟಿ ನೋಡಿ. ಗ್ರೀನ್, ಗ್ರೀನಿಶ್ ಎರಡನ್ನೂ ಬರೀ ಫೋಟೋದಿಂದ ಬೇರ್ಪಡಿಸುವುದು ಕಷ್ಟ, ನಾನೂ ಖಚಿತವಾಗಿ ಹೇಳಲಾರೆ. ಹಾಗಾಗಿ ಬೆಳಿಗ್ಗೆ ಅದರ ಕೂಗನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ದಿನಾಂಕದೊಂದಿಗೆ ಹಕ್ಕಿ ನೋಡಿದ ದಾಖಲೆ ಸೇರಿಸುವ ಜಾಲತಾಣ ಇಬರ್ಡ್‌ಗೆ ಹಾಕಿ.