ಫೋನ್ ಕಿತ್ತುಕೊಂಡರೂ ನಿಲ್ಲದ ಆಟ: ಒಬ್ಬ ಪಿಯುಸಿ ಹುಡುಗನ ಪ್ರಕರಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿವರೆಗೆ ತಾಲ್ಲೂಕು ಊರಲ್ಲಿ ಕನ್ನಡ ಮಾಧ್ಯಮ, ಕ್ಲಾಸಿಗೇ ಮೊದಲು. ಅಪ್ಪನಿಗೆ ವರ್ಗವಾಗಿ ಬೆಂಗಳೂರಿಗೆ ಬಂದು ಫಸ್ಟ್ ಪಿಯುಸಿ ಸೈನ್ಸ್ ಸೇರಿದ. ಆಮೇಲೆ ರಾತ್ರಿ ಎರಡು ಗಂಟೆವರೆಗೆ ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಆಟ, ಬೆಳಿಗ್ಗೆ ತಲೆನೋವು, ಕಾಲೇಜಿಗೆ ಚಕ್ಕರ್. ಫೋನ್ ಕಿತ್ತುಕೊಂಡ ದಿನ ಊಟದ ತಟ್ಟೆ ಎಸೆದನಂತೆ. "ಈ ಚಟ ಒಂದು ಬಿಡಿಸಿ ಮೇಡಂ, ಸಾಕು" ಎಂದರು, ಅವನನ್ನು ಸಲಹೆಗೆಂದು ನನ್ನ ಹತ್ತಿರ ಕರೆತಂದ ಅವರಪ್ಪ.

ಅವನೊಬ್ಬನನ್ನೇ ಕೂರಿಸಿಕೊಂಡು ಆಟದ ಬಗ್ಗೆ ಕೇಳಿದೆ. ನಾಲ್ಕು ಜನರ ಸ್ಕ್ವಾಡ್, ಇವನೇ ಲೀಡರ್, ಎಲ್ಲಿ ಇಳಿಯಬೇಕು ಯಾವಾಗ ನುಗ್ಗಬೇಕು ಅಂತ ಇವನು ಹೇಳಿದ ಹಾಗೆ ಉಳಿದವರು ಕೇಳುತ್ತಾರೆ. ಕಾಲೇಜಲ್ಲಿ? "ಫಿಸಿಕ್ಸ್ ಒಂದಕ್ಷರ ತಲೆಗೆ ಹೋಗಲ್ಲ ಮೇಡಂ. ಡೌಟ್ ಕೇಳೋಣ ಅಂದ್ರೆ ಇಂಗ್ಲಿಷ್ ಬರಲ್ಲ, ನಗ್ತಾರೆ."

ಗಂಟು ಇಲ್ಲೇ ಇತ್ತು. ಕ್ಲಾಸಲ್ಲಿ ಅವಮಾನ, ಆಟದಲ್ಲಿ ಮರ್ಯಾದೆ. ಆಡುವಾಗ ಸಂಕಟ ಮರೆಯುತ್ತದೆ, ನಿದ್ದೆ ಕೆಡುತ್ತದೆ, ಮಾರನೇ ದಿನ ಪಾಠ ಇನ್ನಷ್ಟು ಅರ್ಥವಾಗಲ್ಲ, ಆಗ ಮತ್ತೆ ಫೋನೇ ಗತಿ. ಗೆಲುವು ಯಾವಾಗ ಸಿಗುತ್ತದೋ ಗೊತ್ತಿಲ್ಲದ್ದರಿಂದ "ಇನ್ನೊಂದೇ ಮ್ಯಾಚ್" ಅನ್ನಿಸುವುದೂ ಸಹಜ. ಆದರೆ ಕ್ಲಾಸಿನ ಅವಮಾನವೇ ಜಾಸ್ತಿ ಬಲವಾದ ಕಾರಣ ಅಂತ ನನ್ನ ಅನಿಸಿಕೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರನ್ನು, ಅಂದರೆ ಆಟದ ಮೇಲೆ ಹಿಡಿತ ತಪ್ಪುವುದನ್ನು, ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆದರೆ ಹಾಗೆ ಹೇಳಲು ಹಿಡಿತ ತಪ್ಪಿದ ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಇವನದು ಕಾಲೇಜು ಸೇರಿದ ಮೇಲೆ ಶುರುವಾದದ್ದು. ಅದಕ್ಕೇ, ಸುಮ್ನೆ ಅವನಿಗೆ ರೋಗದ ಹೆಸರು ಅಂಟಿಸಬೇಡಿ ಅಂತ ಅಪ್ಪ ಅಮ್ಮನಿಗೆ ಹೇಳಿದೆ.

ಫೋನ್ ದಿಢೀರ್ ಕಿತ್ತುಕೊಳ್ಳುವುದನ್ನು ನಿಲ್ಲಿಸಿ ಎಂದೆ. ನಡುವೆ ಬಿಟ್ಟರೆ ಸ್ಕ್ವಾಡಿಗೆ ಕೈಕೊಟ್ಟಂತೆ, ಅವನಿಗೆ ಅದು ದೊಡ್ಡ ವಿಷಯ. ಒಂದು ಮ್ಯಾಚಿಗೆ ಅರ್ಧ ಗಂಟೆ ಹಿಡಿಯುತ್ತದೆ, ಹಾಗಾಗಿ ನಿಮಿಷದ ಲೆಕ್ಕ ಬೇಡ, ಸಂಜೆ ಎರಡು ಮ್ಯಾಚ್ ಅಂತ ಅವನ ಜೊತೆಗೇ ಕೂತು ಒಪ್ಪಂದ ಮಾಡಿಕೊಳ್ಳಿ. ರಾತ್ರಿ ಹತ್ತೂವರೆಗೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ, ಅಪ್ಪನದೂ ಸೇರಿ. ಏಳುವ ಹೊತ್ತು ದಿನಾ ಒಂದೇ ಇರಲಿ. ಎಲ್ಲಕ್ಕಿಂತ ಮುಖ್ಯ, ಕನ್ನಡ ಮಾಧ್ಯಮದಿಂದಲೇ ಬಂದ ಒಬ್ಬ ಸೀನಿಯರ್ ಅವನಿಗೆ ಫಿಸಿಕ್ಸ್ ಕನ್ನಡದಲ್ಲಿ ಬಿಡಿಸಿ ಹೇಳಲಿ.

ಹುಡುಗನಿಗೆ ಕೊಟ್ಟ ಕೆಲಸ ಒಂದೇ: ಕೈ ಫೋನಿಗೆ ಹೋದಾಗೆಲ್ಲ ಅದಕ್ಕೆ ಮುಂಚೆ ಏನಾಯಿತು ಅಂತ ಒಂದು ಸಾಲು ಬರೆದಿಡು. ಮುಂದಿನ ಸಲ ಬಂದಾಗ ಅದರಲ್ಲಿ ಜಾಸ್ತಿ ಇದ್ದದ್ದು "ಟೆಸ್ಟ್ ಮಾರ್ಕ್ಸ್ ಕೊಟ್ರು" ಅನ್ನುವಂಥ ಸಾಲುಗಳೇ.

ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಆಡುತ್ತಾನೆ ಕೂಡ. ಫಿಸಿಕ್ಸ್ ಇನ್ನೂ ಕಷ್ಟವೇ.

ನಿಮ್ಮ ಮನೆಯ ಮಗು ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ ಕಾಯಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಗೇಮ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.