ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿಗೆ ಗುಂಪಾಗಿ ಹೊರಟವರಿಗೆ

ಪ್ರಶ್ನೆ: ನಾವು ಎಂಟು ಮಂದಿ ಗೆಳೆಯರು ಬರುವ ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನಲ್ಲಿ ಗಾಲ್ಫ್ ಆಡಬೇಕೆಂದಿದ್ದೇವೆ. ಎಲ್ಲರಿಗೂ ಅವಕಾಶ ಸಿಕ್ಕೀತೆ? ಅಲ್ಲಿನ ಆಟಕ್ಕೆ ಹೇಗೆ ಸಿದ್ಧರಾಗಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಓಲ್ಡ್ ಕೋರ್ಸ್ ಯಾವುದೇ ಖಾಸಗಿ ಕ್ಲಬ್ಬಿನ ಸ್ವತ್ತಲ್ಲ. ಈ ಕಡಲ ತಡಿಯ ಮರಳುನೆಲದಲ್ಲಿ ಆಡುವ ಊರಿನವರ ಹಕ್ಕನ್ನು 1552ರಲ್ಲೇ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಸನ್ನದಿನ ಮೂಲಕ ಮಾನ್ಯ ಮಾಡಿದ್ದರು. ಇಂದು ಅದನ್ನು ನೋಡಿಕೊಳ್ಳುವುದು ಸೇಂಟ್ ಆಂಡ್ರೂಸ್ ಲಿಂಕ್ಸ್ ಟ್ರಸ್ಟ್. ಹೊರಗಿನವರಿಗೂ ಪ್ರವೇಶವಿದೆ, ಆದರೆ ಅನೇಕರಿಗೆ ಅದು ದಕ್ಕುವುದು ಚೀಟಿ ಎತ್ತುವ ಮೂಲಕ. ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು, ಒಂದು ಅರ್ಜಿಯಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಅವಕಾಶವಿಲ್ಲ. ಎಂದರೆ ನಿಮ್ಮ ಗುಂಪು ಎರಡು ಅರ್ಜಿ ಹಾಕಬೇಕಾಗುತ್ತದೆ, ಮತ್ತು ಒಂದಕ್ಕೆ ಚೀಟಿ ಬಂದು ಇನ್ನೊಂದಕ್ಕೆ ಬಾರದೆ ಹೋಗುವ ಸಾಧ್ಯತೆ ನಿಜಕ್ಕೂ ಇದೆ. ಹಾಗಾದರೆ ಏನು ಮಾಡುವುದೆಂದು ವಿಮಾನ ಹತ್ತುವ ಮೊದಲೇ ಎಂಟೂ ಜನ ಕುಳಿತು ಮಾತಾಡಿ ತೀರ್ಮಾನಿಸಿಕೊಳ್ಳಿ; ಗೆಳೆತನಕ್ಕೆ ಅದು ಒಳ್ಳೆಯದು. ಅನುಮತಿ ಪಡೆದ ಪ್ರವಾಸ ಸಂಸ್ಥೆಗಳ ಮೂಲಕ ಸಮಯ ಖಚಿತಪಡಿಸಿಕೊಳ್ಳಬಹುದಾದರೂ ಅದಕ್ಕೆ ತಗಲುವ ವೆಚ್ಚ ಬಹಳ ಹೆಚ್ಚು. ನಿಮ್ಮ ಆಟದ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರವನ್ನು ಮರೆಯದೆ ಒಯ್ಯಿರಿ. ಚೀಟಿ ಬಾರದವರು 1895ರ ನ್ಯೂ ಕೋರ್ಸಿನಲ್ಲೋ 1897ರ ಜುಬಿಲಿಯಲ್ಲೋ ಆಡಲಿ. ಅವೂ ಅದೇ ಮಣ್ಣಿನ, ಅದೇ ಗಾಳಿಯ ಕೋರ್ಸುಗಳು, ಮರ್ಯಾದೆಯಲ್ಲಿ ಕಡಿಮೆಯವಲ್ಲ.

ಇನ್ನು ಆಟದ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಬೆಚ್ಚಗಿನ ತೆಳು ಗಾಳಿಯಲ್ಲಿ ನಿಮ್ಮ ಚೆಂಡು ಹೋಗುವ ದೂರ ಅಲ್ಲಿನ ತಂಪು, ಸಾಂದ್ರ ಗಾಳಿಯಲ್ಲಿ ಸಿಗದು. ಆದರೆ ನೆಲಕ್ಕೆ ಬಿದ್ದ ಮೇಲೆ ಅದು ಓಡುತ್ತದೆ. ಮರಳಿನ ಮೇಲೆ ಬೆಳೆದ ಸಣ್ಣ ಹುಲ್ಲಿನ ಗಟ್ಟಿ ನೆಲದಲ್ಲಿ, ನಮ್ಮ ಮಳೆಗಾಲದ ಕೋರ್ಸುಗಳಲ್ಲಿ ನಿಲ್ಲುವಂತೆ, ಬಿದ್ದಲ್ಲೇ ನಿಲ್ಲುವುದಿಲ್ಲ. ಆದ್ದರಿಂದ ಚೆಂಡನ್ನು ಎತ್ತರಕ್ಕೆ ಹಾರಿಸುವ ಬದಲು ತಗ್ಗಾಗಿ ಹೊಡೆದು ಉರುಳಿಸಲು ಕಲಿಯಿರಿ. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನಿನಿಂದ 20, 30 ಗಜ ಹೊರಗಿದ್ದರೂ ಚೆಂಡನ್ನು ಉರುಳಿಸುವ ಕೋಲಾದ ಪಟರ್ ಕೈಗೆತ್ತಿಕೊಳ್ಳಲು ಹಿಂಜರಿಯಬೇಡಿ. ಹೊರಡುವ ಮುನ್ನ ಒಂದೆರಡು ತಿಂಗಳು ಇದನ್ನೇ ಅಭ್ಯಾಸ ಮಾಡಿ. ಏಳು ಗ್ರೀನುಗಳನ್ನು ತಲಾ ಎರಡು ಹೋಲುಗಳು ಹಂಚಿಕೊಳ್ಳುತ್ತವೆ, ಹಾಗೆ ಜೊತೆಯಾದ ಹೋಲುಗಳ ಸಂಖ್ಯೆ ಕೂಡಿಸಿದರೆ ಪ್ರತಿಬಾರಿಯೂ 18 ಬರುತ್ತದೆ. ತಪ್ಪು ಬಾವುಟದತ್ತ ಹೊಡೆದರೆ ವಿಶಾಲವಾದ ಆ ಗ್ರೀನಿನಲ್ಲಿ ಬಹುದೂರದ ಪಟ್ (ಉರುಳಿಸುವ ಹೊಡೆತ) ಉಳಿಯುತ್ತದೆ. ಕೋಲುಗಳ ಚೀಲ ಹೊತ್ತು ಸಲಹೆ ಕೊಡುವ, ದಾರಿ ಬಲ್ಲ ಕ್ಯಾಡಿಯನ್ನು ಗೊತ್ತುಮಾಡಿಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಎಷ್ಟೋ ಬಂಕರುಗಳು (ಮರಳಿನ ಹೊಂಡಗಳು) ಮೊದಲ ಹೊಡೆತ ಹೊಡೆಯುವ ಜಾಗವಾದ ಟೀಯಿಂದ ಕಾಣುವುದೇ ಇಲ್ಲ.

17ನೆಯ ರೋಡ್ ಹೋಲಿನಲ್ಲಿ ಆಸೆಗೆ ಬೀಳಬೇಡಿ. ಗ್ರೀನಿನ ಆಚೆಗಿರುವ ರಸ್ತೆ ಆಟದ ಭಾಗವೇ. ಅಲ್ಲಿ ಬಿದ್ದ ಚೆಂಡನ್ನು ಬಿದ್ದಲ್ಲಿಂದಲೇ ಹೊಡೆಯಬೇಕು. ಎಡಗಡೆಯ ಬಂಕರಿಗೆ 1978ರ ಓಪನ್ ಚಾಂಪಿಯನ್‌ಶಿಪ್ ಪಂದ್ಯಾವಳಿಯಲ್ಲಿ ಜಪಾನಿನ ಆಟಗಾರ ಟಾಮಿ ನಕಾಜಿಮಾ ಗ್ರೀನಿನ ಮೇಲಿಂದ ಪಟ್ ಮಾಡಿಯೇ ಚೆಂಡನ್ನು ಉರುಳಿಸಿಬಿಟ್ಟು, ಹೊರತೆಗೆಯಲು ನಾಲ್ಕು ಹೊಡೆತ ಪಡೆದು, ಆ ಹೋಲನ್ನು 9 ಹೊಡೆತಗಳಲ್ಲಿ ಮುಗಿಸಿದರು. ಗ್ರೀನಿನ ಮುಂಭಾಗದ ಬಲಕ್ಕೆ, ತುಸು ಹಿಂದೆಯೇ ನಿಲ್ಲುವಂತೆ ಹೊಡೆದು ಮುಂದಿನದನ್ನು ಪಟರಿನಿಂದ ಆಡಿದರೆ ನಮ್ಮಂಥವರಿಗೆ 5 ಹೊಡೆತ ಗೌರವದ ಲೆಕ್ಕವೇ.

ಪ್ರಶ್ನೆ: ಇಂಥದೇ ಗುಂಪಿನಲ್ಲಿ ಪತಿಯ ಜೊತೆ ಹೋಗುತ್ತಿದ್ದೇನೆ. ನನಗೆ ಗಾಲ್ಫ್ ಬಾರದು. ಅಲ್ಲಿ ನನಗೇನಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಭಾನುವಾರ ಊರಿನಲ್ಲಿರುವಂತೆ ನೋಡಿಕೊಳ್ಳಿ. ದೊಡ್ಡ ಪಂದ್ಯಗಳ ಹೊರತು ಅಂದು ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಊರಿನ ಜನ ಮಕ್ಕಳು ನಾಯಿಗಳೊಡನೆ ಅಲ್ಲಿ ಅಡ್ಡಾಡುತ್ತಾರೆ, ನೀವೂ ಕೋರ್ಸಿನೊಳಗಿನ ಹಳೆಯ ಕಲ್ಲಿನ ಸ್ವಿಲ್ಕನ್ ಸೇತುವೆಯವರೆಗೆ ನಡೆದುಹೋಗಬಹುದು. ಮರುದಿನ ಆಡುವವರಿದ್ದರೆ ಅವರನ್ನೂ ಕರೆದೊಯ್ಯಿರಿ, ಬಂಕರುಗಳನ್ನು ಮೊದಲೇ ನೋಡಿಕೊಂಡಂತಾಗುತ್ತದೆ. ಪಾಳುಬಿದ್ದ ಕ್ಯಾಥೆಡ್ರಲ್ಲಿನ ಆವರಣದಲ್ಲಿ, ದಶಕಗಳ ಕಾಲ ಈ ಮೈದಾನವನ್ನು ಪೋಷಿಸಿದ ಓಲ್ಡ್ ಟಾಮ್ ಮಾರಿಸ್ ಅವರ ಸಮಾಧಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ, 1867ರಲ್ಲಿ ಆರಂಭವಾದ ಮಹಿಳೆಯರ ಪಟಿಂಗ್ ಕ್ಲಬ್ಬಿನ ಅಂಗಳವಿದೆ. ಅದರ ಉಬ್ಬುತಗ್ಗುಗಳಿಂದಾಗಿ ಊರವರು ಅದನ್ನು ಹಿಮಾಲಯ ಎಂದು ಕರೆಯುತ್ತಾರೆ. ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಆಡಬಹುದು, ಪಟರ್ ಮತ್ತು ಚೆಂಡನ್ನು ಅವರೇ ಕೊಡುತ್ತಾರೆ. ಕೆಲವು ವೇಳೆ ಸದಸ್ಯರಿಗೆ ಮೀಸಲಾಗಿರುವುದರಿಂದ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.