ಡೆಂಗಿ ಹೊತ್ತ ಸೊಳ್ಳೆಗೆ ಕಾಯಿಲೆ ಬರಲ್ವಾ?

ಪ್ರಶ್ನೆ: ಡೆಂಗಿ ವೈರಸ್ ನಮ್ಮನ್ನು ಹಾಸಿಗೆ ಹಿಡಿಸುತ್ತದೆ. ಅದನ್ನು ಹೊತ್ತ ಸೊಳ್ಳೆ ಮಾತ್ರ ಆರಾಮಾಗಿ ಹಾರಾಡುತ್ತದಲ್ಲ, ಹೇಗೆ?

ಉತ್ತರ: ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ಲ್ಯಾಬಿನಲ್ಲಿ ಇದರಲ್ಲೇ ಮುಳುಗಿರುತ್ತೇನೆ. ಸೊಳ್ಳೆಗೆ ನಮ್ಮ ಹಾಗೆ ಆ್ಯಂಟಿಬಾಡಿ ಇಲ್ಲ. ಅದರ ದೊಡ್ಡ ಆಯುಧ ಪುಟಾಣಿ ಆರ್‌ಎನ್‌ಎ ತುಣುಕುಗಳು. ಆರ್‌ಎನ್‌ಎ ಅಂದರೆ ಡಿಎನ್‌ಎಯ ಹಾಗೆ ತಳಿ ಮಾಹಿತಿ ಹೊರುವ ಎಳೆ. ವೈರಸ್ ಜೀವಕೋಶದೊಳಗೆ ತನ್ನ ನಕಲು ಮಾಡಿಕೊಳ್ಳುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ಡೈಸರ್-2 ಎಂಬ ಪ್ರೋಟೀನ್ ಅದನ್ನು ಕಚಕಚನೆ ಕತ್ತರಿಸುತ್ತದೆ. ಹೆಚ್ಚಿನ ತುಣುಕುಗಳು ಸರಿಯಾಗಿ 21 ಅಕ್ಷರ (ಆ ಎಳೆಯ ಒಂದೊಂದು ಘಟಕ) ಉದ್ದ. ಸೋಂಕು ತಗುಲಿದ ಈಡಿಸ್ (ಡೆಂಗಿ ಹರಡುವ ಜಾತಿ) ಸೊಳ್ಳೆಯ ಆರ್‌ಎನ್‌ಎ ಓದಿಸಿ ವೈರಸ್ ತುಣುಕುಗಳ ಉದ್ದದ ಗ್ರಾಫ್ ಹಾಕಿದರೆ 21ರ ಮೇಲೆ ಚೂಪಾದ ಶಿಖರ ಎದ್ದು ನಿಲ್ಲುತ್ತದೆ. ನೋಡಿದಾಗಲೆಲ್ಲ ಖುಷಿಯಾಗುತ್ತದೆ! ಆ ತುಣುಕನ್ನು ಹಿಡಿದುಕೊಂಡ ಆರ್ಗೊನಾಟ್-2 ಪ್ರೋಟೀನ್, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎ ಹುಡುಕಿ ತುಂಡರಿಸುತ್ತದೆ.

ಇಷ್ಟಾದರೂ ವೈರಸ್ ಪೂರ್ತಿ ಹೋಗಲ್ಲ, ಹದ್ದುಬಸ್ತಿನಲ್ಲಿರುತ್ತದೆ ಅಷ್ಟೆ. ಈ ಕತ್ತರಿಸುವ ಕೆಲಸಕ್ಕೆ ಅಡ್ಡಿಮಾಡುವ ಪ್ರೋಟೀನನ್ನು ಸಿಂಡ್‌ಬಿಸ್ ಎಂಬ ವೈರಸ್ಸಿಗೆ ಸೇರಿಸಿ ಪ್ರಯೋಗ ಮಾಡಿದಾಗ, ವೈರಸ್ ಜಾಸ್ತಿಯಾಗಿ ಸೊಳ್ಳೆಗಳೇ ಸತ್ತವು. ಅಂದರೆ ಸೊಳ್ಳೆ ಬದುಕುಳಿಯುವುದು ವೈರಸ್ಸಿಗೂ ಬೇಕು, ಅಲ್ವಾ? ಸೊಳ್ಳೆಯ ಜೊಲ್ಲು ಸೇರಿಯೇ ಅದು ನಮ್ಮ ತನಕ ಬರಬೇಕು. 21 ಅಕ್ಷರದ ತುಣುಕುಗಳಲ್ಲದೆ, ಇನ್ನೊಂದು ಬಗೆಯ ಪುಟಾಣಿ ತುಣುಕುಗಳಾದ 24ರಿಂದ 30 ಅಕ್ಷರದ ಪೈ-ಆರ್‌ಎನ್‌ಎಗಳೂ ಇವೆ. ಈಡಿಸ್‌ನಲ್ಲಿ ಅವು ವೈರಸ್ಸಿನ ಆರ್‌ಎನ್‌ಎಯಿಂದಲೂ ತಯಾರಾಗುತ್ತವೆ.